ಹೂಳಿನಲ್ಲಿ ಕೂತ ದಿಬ್ಬಣ

ನನ್ನ ತಮ್ಮ ರಾಯ್ ಸಾಯುವ ಮುಂಚೆ ಕೊನೆಯದಾಗಿ ಬಣ್ಣ ಬಳಿದದ್ದು ನಮ್ಮ ದೋಣಿಗೆ. ಮಗಳು ಕೆರಿಯನ್ನು ಅದರಲ್ಲೇ ಮದುವೆಗೆ ಕರೆದೊಯ್ಯುತ್ತೇನೆ ಎಂದಿದ್ದ. ಈಗ ಅವನಿಲ್ಲ, ಚುಕ್ಕಾಣಿ ನನ್ನ ಕೈಗೆ ಬಂತು. ಮದುವೆ ಬರ್ಮಿಂಗ್‌ಹ್ಯಾಮಿನ ಹಳೆಯ ಗಾಜಿನ ಕಾರ್ಖಾನೆಯಲ್ಲಿ, ಹನ್ನೊಂದಕ್ಕೆ. ಹನ್ನೆರಡಾದರೆ ನೋಂದಣಿ ಮಾಡುವ ಹೆಂಗಸು ಇನ್ನೊಂದು ಮದುವೆಗೆ ಹೊರಟುಬಿಡುತ್ತಾಳೆ.

ಮೊಳೆ ಕಾರ್ಖಾನೆ ದಾಟಿದೆವು. ಅಮ್ಮ ಪೆನ್ನಿನ ನಿಬ್ಬು ಒತ್ತುತ್ತಿದ್ದ ಕಟ್ಟಡದಲ್ಲಿ ಈಗ ಯಾರೋ ಯೋಗ ಕಲಿಸುತ್ತಾರೆ. ಕೆರಿ ಬಿಳಿ ಲಂಗ ಮೊಣಕಾಲಿಗೆತ್ತಿಕೊಂಡು ಬೇಕನ್ ಬ್ರೆಡ್ಡು ತಿನ್ನುತ್ತಿದ್ದಳು. ಕಾಲುವೆ ತಗ್ಗಿಗಿಳಿಯುವಲ್ಲಿ ದೋಣಿ ಇಳಿಸಲು ಎರಡು ಲಾಕುಗಳಿವೆ, ಎರಡೂ ತುದಿಗೆ ಕದವಿರುವ ನೀರಿನ ತೊಟ್ಟಿಗಳು. ಮೇಲಿನ ಲಾಕಿಗೆ ಹೊಕ್ಕು, ನೀರಿನ ಜೊತೆ ಕೆಳಗಿಳಿದು, ಕದ ತೆರೆದು ಹೊರಬಂದೆವು. ಬಂದದ್ದೇ ತಡ, ದೋಣಿ ಕರ್ರೆಂದು ಕೂತುಬಿಟ್ಟಿತು. ಕೆಳಗಿನ ಲಾಕಿನವರೆಗೂ ಕಾಲುವೆಯಲ್ಲಿ ಬರೀ ಹೂಳು, ಎರಡು ಹಳೇ ಸೈಕಲ್ಲು.

ಕೆಳಗಿನ ಲಾಕಿಗೆ ನೀರು ತುಂಬಿಸುವ ತೂಬನ್ನು ಯಾರೋ ತೆರೆದೇ ಬಿಟ್ಟುಹೋಗಿದ್ದರು. ಕೆಳಗಿನ ಲಾಕಿನಾಚೆ ಬಾಡಿಗೆ ದೋಣಿ ಕಟ್ಟಿಕೊಂಡು ಕೆಲವರು ಚಹಾ ಕುಡಿಯುತ್ತಿದ್ದರು. ಬಾಡಿಗೆ ದೋಣಿಯವರನ್ನು ಕಂಡರೆ ನನಗೆ ಮೊದಲೇ ಮೈ ಉರಿಯುತ್ತದೆ. ದಡಕ್ಕೆ ಹಾರಿ ಓಡಿದೆ.

“ಮನೇಲೂ ನಲ್ಲಿ ಹೀಗೇ ಬಿಟ್ಟು ಮಲಗ್ತೀರೇನ್ರೀ? ರಾತ್ರಿಯೆಲ್ಲಾ ನೀರು ಹರಿದುಹೋಗಿದೆ!”

ಅವರಲ್ಲೊಬ್ಬ ಬೋಳುತಲೆಯವ ಲೋಟ ಕೆಳಗಿಟ್ಟ. “ಅಮ್ಮಾ, ನಾವು ಈಗ ತಾನೇ ಕೆಳಗಿಂದ ಬಂದ್ವಿ. ಈ ಲಾಕ್ ಮುಟ್ಟೇ ಇಲ್ಲ.”

“ಮತ್ತೆ ದೆವ್ವ ಬಂದು ತೆಗೀತಾ?”

“ತೆಗೆದಿರಬೇಕು. ತನ್ನ ಹಿಡಿ ಬಿಟ್ಟುಹೋಗಿದೆ, ನೋಡಿ.”

ತೂಬೆತ್ತುವ ಕಬ್ಬಿಣದ ಹಿಡಿ ಅಲ್ಲೇ ಸಿಕ್ಕಿಕೊಂಡಿತ್ತು. ಅದಕ್ಕೆ ಕೆಂಪು ಟೇಪು. ನನ್ನ ಗಂಡ ಡೆಸ್‌ನದು! ಬೆಳಗ್ಗೆ ತಡವಾಗದಿರಲೆಂದು ಹಿಂದಿನ ಸಂಜೆಯೇ ಬಂದು ಲಾಕು ತುಂಬಿಸಿದ ಮಹಾರಾಯ ತೂಬು ಇಳಿಸಿರಲಿಲ್ಲ. ಆ ಲಾಕಿನ ಕೆಳಗಿನ ಕದ ಸೋರುವುದು ಊರಿಗೇ ಗೊತ್ತು; ಕಾಲುವೆಯ ನೀರೆಲ್ಲ ಅದರಲ್ಲೇ ಹೋಗಿತ್ತು.

“ಎದುರಿಗೇ ಪಬ್ ಇತ್ತು ಕಣೇ, ಟ್ರೂಡಿ,” ಎಂದ, ದೋಣಿಯಿಂದಿಳಿದು ನನ್ನ ಹಿಂದೆಯೇ ಬಂದ ಡೆಸ್.

ಕೂಗಾಡಲು ಸಮಯವಿರಲಿಲ್ಲ. ಆದರೂ ಒಂದಿಷ್ಟು ಕೂಗಾಡಿದೆ. ಆಮೇಲೆ ದೋಣಿಗೆ ಮರಳಿ ಕೆರಿಗೆ ಹೇಳಿದೆ: “ಇಳಿಯೇ, ನಡ್ಕೊಂಡೇ ಹೋಗೋಣ.”

“ಆಗಲ್ಲ ಅತ್ತೆ. ಅಪ್ಪನ ದೋಣೀಲೇ ಹೋಗೋದು. ಇಲ್ಲಾಂದ್ರೆ ಗ್ಯಾರೆತ್ ಮುದುಕ ಆಗೋವರೆಗೂ ಕಾಯ್ಲಿ.”

ನಮ್ಮ ಮನೆತನದ ಮೊಂಡು, ಯಾರಿಗೆ ಹೇಳಲಿ?

ಆ ತೂಬು ಇಳಿಸಿ, ಮೇಲಿನ ಲಾಕಿನಿಂದ ನೀರು ಬಿಟ್ಟೆವು. ನೀರು ಮೆಲ್ಲಗೆ ಏರಿತು, ದೋಣಿ ಅಲುಗಾಡಿತು, ಆದರೆ ಹೂಳು ಬಿಡಲಿಲ್ಲ. ಕೆರಿ ಫೋನು ಮಾಡಿದಳು. ಮದುಮಗ ಗ್ಯಾರೆತ್ ತನ್ನ ರಗ್ಬಿ ತಂಡವನ್ನು ಕಟ್ಟಿಕೊಂಡು ಸೂಟುಬೂಟಿನಲ್ಲೇ ಓಡಿಬಂದ.

“ಕುದುರೆ ಬೇಕಿತ್ತಂತೆ, ಅತ್ತೆ?”

“ಕತ್ತೆಗಳಾದ್ರೂ ಸಾಕು. ಹಿಡೀರಿ ಹಗ್ಗ!”

ಬೋಳುತಲೆಯವನೂ ಅವನ ಕಡೆಯವರೂ ಕರೆಯದೆಯೇ ಬಂದು ಹಗ್ಗ ಹಿಡಿದರು. ಅಲ್ಲಿನ ಸೇತುವೆಯ ಕಬ್ಬಿಣದಂಚಿನಲ್ಲಿ, ಹಿಂದೆ ಕುದುರೆಗಳು ಕಲ್ಲಿದ್ದಲ ದೋಣಿಗಳನ್ನೆಳೆದ ಹಗ್ಗಗಳು ಬೆರಳಾಳಕ್ಕೆ ಕೊರೆದ ಗೀರುಗಳಿವೆ. ನಮ್ಮ ಹಗ್ಗವೂ ಅದೇ ಗೀರಿನಲ್ಲಿ ಹೋಗಿ ಕೂತಿತು. “ಐಸಾ!” ಎಂದು ಎಳೆದರು. ಪ್ಚಕ್ಕೆಂದು ಹೂಳು ಬಿಟ್ಟಿತು. ಗ್ಯಾರೆತ್ ಮುಗ್ಗರಿಸಿ ಕೆಸರಿಗೆ ಬಿದ್ದ.

ಲಾಕು ಇಳಿದು ಕಾರ್ಖಾನೆಯ ಮೆಟ್ಟಿಲು ಮುಟ್ಟಿದಾಗ ನೋಂದಣಿಯ ಹೆಂಗಸು ಚೀಲ ಹೆಗಲಿಗೇರಿಸಿ ನಿಂತಿದ್ದಳು.

“ಇವರಲ್ಲಿ ವರ ಯಾರು?”

“ಎಲ್ಲರಿಗಿಂತ ಗಲೀಜಾಗಿರೋನು,” ಎಂದಳು ಕೆರಿ, ಅಪ್ಪನ ದೋಣಿಯಿಂದಿಳಿಯುತ್ತ. ಹೆಂಗಸು ನಕ್ಕು ಚೀಲ ಕೆಳಗಿಟ್ಟಳು.

ಕ್ಷಮೆ ಕೇಳುವುದು ನನಗೆ ಬಾರದು. ಬೋಳುತಲೆಯವನನ್ನು ಊಟಕ್ಕೆ ಕೂರಿಸಿ, ಮದುವೆ ಕೇಕಿನ ಎರಡು ದೊಡ್ಡ ತುಂಡು ನಾನೇ ಬಡಿಸಿದೆ. ಅದರಲ್ಲೊಂದು ಡೆಸ್‌ನ ಪಾಲಿನದು.