ಬೆರಳಿನ ತೊಂಬತ್ತಾರು

ನಾನು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಹನ್ನೆರಡನೆಯ ಮಹಡಿಯಲ್ಲಿ ಕೆಟ್ಟು ನಿಂತ ಲಿಫ್ಟು ತಾನಾಗಿ ಇಳಿದು ಬಂದು, ಬಾಗಿಲು ತೆರೆದು, ತಡವಾಯಿತೆಂದು ಕ್ಷಮೆ ಕೇಳುತ್ತದೆ. ಇಪ್ಪತ್ತು ವರ್ಷದಿಂದ ಲಿಫ್ಟು ರಿಪೇರಿ ಮಾಡುತ್ತಿರುವವನು ನಾನು. ಇಂಥವನ ಅಕ್ಕನನ್ನು ಆಸ್ಪತ್ರೆಯವರು ಹಾಗೇ ಮನೆಗೆ ಸಾಗಹಾಕಲು ನೋಡಿದರೆಂದರೆ ಅವರ ಗ್ರಹಚಾರ ನೆಟ್ಟಗಿರಲಿಲ್ಲ.

ನನ್ನ ಅಕ್ಕ ಬೈಯಲು ಶುರುಮಾಡಿದರೆ ಮೂರು ಬೀದಿಯ ನಾಯಿಗಳು ಬಾಯಿ ಮುಚ್ಚಿ ಪಾಠ ಕೇಳುತ್ತವೆ. ನಡುವೆ ಅವಳು ಉಸಿರೆಳೆದದ್ದನ್ನು ಕಂಡವರಿಲ್ಲ. ಜ್ವರ ಬಂದ ನಾಲ್ಕನೆಯ ದಿನ ಬೆಳಿಗ್ಗೆ "ಲೋ... ಸೋಮಾರಿ..." ಎಂದವಳು ಮುಂದಿನ ಮಾತಿಗೆ ಗೋಡೆ ಹಿಡಿದಳು. ಬೈಗುಳ ಅರ್ಧಕ್ಕೆ ನಿಂತದ್ದು ಕೇಳಿ ಆಗಲೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದ ಅಕ್ಕನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು. ತೊಂಬತ್ತಾರು ಎಂದು ಹಸಿರು ಅಂಕಿ ಮಿನುಗಿತು. ಆಕ್ಸಿಜನ್ ಬೇಕಾದಷ್ಟಿದೆ, ಇದೆಲ್ಲ ಗಾಬರಿ, ನಿಮ್ಮವರು ಸ್ವಲ್ಪ ಜಾಸ್ತಿಯೇ ನರಳುತ್ತಾರೆ ಎಂದಳು. ನಿಮ್ಮವರು ಎಂದರೆ ಕರಿಯರು. ಆ ಕೋಣೆಯಲ್ಲಿ ಕಪ್ಪಗಿದ್ದವರು ನಾವಿಬ್ಬರೇ. ಪಕ್ಕದ ಮಂಚದ ಬೆಳ್ಳಗಿನ ಹೆಂಗಸಿಗೂ ಅದೇ ಜ್ವರ. ಅವಳ ಅಂಕಿ ತೊಂಬತ್ತು, ಮೂಗಿಗೆ ಆಗಲೇ ಕೊಳವೆ. ಅವಳು ಫೋನಿನಲ್ಲಿ ಮಗಳ ಜೊತೆ ಉದ್ದುದ್ದ ಮಾತಾಡುತ್ತಿದ್ದಳು. ತೊಂಬತ್ತಾರಿನ ನನ್ನ ಅಕ್ಕನಿಗೆ "ನೀರು" ಎನ್ನಲು ಎರಡು ಉಸಿರು ಬೇಕಾಗಿತ್ತು.

ಆ ಕ್ಲಿಪ್ಪು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಬಿಳಿ ಬೆರಳುಗಳ ಮೇಲೆ ಲೆಕ್ಕ ಕಲಿತದ್ದು. ಕಪ್ಪು ಬೆರಳಿನಲ್ಲಿ ಇಲ್ಲದ ಆಕ್ಸಿಜನ್ನನ್ನೂ ಇದೆ ಎಂದು ತೋರಿಸಿಬಿಡುವುದುಂಟು. ನಮ್ಮ ಕಸುಬಿನ ಮೊದಲ ಪಾಠವೂ ಇದೇ: ಬಾಗಿಲ ಮೇಲಿನ ದೀಪ ಮೂರನೆಯ ಮಹಡಿ ಎಂದರೂ ಇಣುಕಿ ನೋಡದೆ ಕಾಲಿಡಬಾರದು, ಲಿಫ್ಟು ಕೆಳಗೆಲ್ಲೋ ಇರಬಹುದು.

ಅದನ್ನೇ ಗುಡುಗಿ ಹೇಳಿದೆ. ಗೋಡೆಯ ಸುಣ್ಣ ಉದುರಿತು. ಬಾಗಿಲಲ್ಲಿದ್ದ ಪೊಲೀಸಿನವನು ಓಡಿಬಂದ. ಅವನನ್ನು ಒಂದೇ ಕೈಯಲ್ಲಿ ಎತ್ತಿ ಫ್ಯಾನಿಗೆ ತೂಗುಹಾಕಿದೆ.

ನಿನ್ನೆ, ಅಕ್ಕನನ್ನು ನೋಡಲು ಬಂದ ನೆರೆಮನೆಯವರಿಗೆ ಕಥೆಯನ್ನು ಇಲ್ಲಿಯವರೆಗೆ ತಂದಿದ್ದೆ. ದಿಂಬಿಗೆ ಒರಗಿದ್ದ ಅಕ್ಕ ಬಾಯಿ ಹಾಕಿದಳು.

"ಆ ರೂಮಲ್ಲಿ ಫ್ಯಾನೇ ಇರಲಿಲ್ವಲ್ಲೋ. ಗಾಲಿಕುರ್ಚೀನ ಬಾಗಿಲ ಕಡೆ ತಳ್ಳಿದ್ದು ಯಾರು, ಅದನ್ನ ಹೇಳು."

ನೆರೆಯವರು ನಗುತ್ತಾ ಕಾದರು. ನನಗೆ ನಗು ಬರಲಿಲ್ಲ.

"ನಾನೇ," ಎಂದೆ.

ಪೊಲೀಸಿನವನು ಬಂದದ್ದು ನಿಜ. ಏನು ತೊಂದರೆ ಎಂದು ಕೇಳಿದ, ನನ್ನನ್ನೇ ನೋಡುತ್ತಾ. ಹಿಂದೊಮ್ಮೆ ಸ್ಪ್ಯಾನರು ತುಂಬಿದ ಚೀಲ ಹಿಡಿದು ಕೆಲಸಕ್ಕೆ ಹೋಗಿದ್ದ ನನ್ನನ್ನು ಕಳ್ಳನೆಂದು ಎರಡು ದಿನ ಲಾಕಪ್ಪಿನಲ್ಲಿ ಕೂಡಿಹಾಕಿದ್ದರು. ಅದು ನನ್ನ ಬೆನ್ನು ಮರೆತಿರಲಿಲ್ಲ. "ಏನೂ ಇಲ್ಲ ಸಾರ್, ಹೊರಟ್ವಿ" ಎಂದು ಕುರ್ಚಿಯನ್ನು ಬಾಗಿಲ ಕಡೆ ತಳ್ಳಿಬಿಟ್ಟೆ.

ಲ್ಯಾಬಿನಲ್ಲಿ ಹತ್ತು ವರ್ಷ ಸೀಸೆ ತೊಳೆದ ಅಕ್ಕನಿಗೆ ಮಾತ್ರ ಏನು ಕೇಳಬೇಕೆಂದು ಗೊತ್ತಿತ್ತು. ಗಾಲಿಯಡಿ ಕಾಲು ತೂರಿಸಿದಳು. ಕ್ಲಿಪ್ಪು ಕಿತ್ತು ನರ್ಸಮ್ಮನ ಕೈಗಿಟ್ಟು, ಮಣಿಕಟ್ಟು ಚಾಚಿ, "ರಕ್ತ... ನೋಡು" ಎಂದಳು. ಐದು ಸಲ ಅಂದಳು. ಕೊನೆಗೆ ರಕ್ತ ತೆಗೆದರು. ಆಕ್ಸಿಜನ್ ಎಂಬತ್ತೊಂದು. ಆಮೇಲೆ ಎಲ್ಲರೂ ಓಡಾಡಿದರು.

"ಅವಳ ಕಾಲು ಗಾಲಿಯಡಿ ಇದೆ ಅಂತ ಗೊತ್ತಾಯ್ತು," ಎಂದು ನೆರೆಯವರಿಗೆ ಹೇಳಿದೆ. "ಆದ್ರೂ ಇನ್ನೊಂದು ಸಲ ತಳ್ಳಿದೆ."