ಬಸಲಿಂಗ ಇನ್ನೂ ಒಳಗಿದ್ದಾನೆ

'ಡಿಸ್ಕ್ ಬಳಕೆಯಲ್ಲಿದೆ' ಎಂದು ಸರ್ವರ್ ಮತ್ತೆ ಹಟ ಹಿಡಿಯಿತು. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮುನಿರಾಜು ಬೈದುಕೊಂಡ. ಭಾನುವಾರ ಮಧ್ಯಾಹ್ನ, ಪೀಣ್ಯದ ಆ ಕಾರ್ಖಾನೆಯಲ್ಲಿ ಒಂದು ಯಂತ್ರವೂ ಓಡುತ್ತಿರಲಿಲ್ಲ. ಬಳಸುವುದಕ್ಕೆ ಅವನನ್ನು ಬಿಟ್ಟರೆ ಇನ್ಯಾರಿದ್ದರು?

ಹಳೆಯ ಡಿಸ್ಕ್ ಇಂದೋ ನಾಳೆಯೋ ಎನ್ನುವಂತಿತ್ತು. ಒಂದು ಡಿಸ್ಕ್ ಕೈಕೊಟ್ಟರೂ ಉಳಿದವು ಹೊರೆ ಹೊರುವಂಥ ಹೊಸ ವ್ಯವಸ್ಥೆಗೆ ಅದರಲ್ಲಿದ್ದುದನ್ನೆಲ್ಲ ಸಾಗಿಸಬೇಕು. ಅದಕ್ಕೆ ಮೊದಲು ಲಾಗಿನ್ ಆಗಿ ಒಳಗಿದ್ದವರೆಲ್ಲ ಹೊರಗೆ ಬರಬೇಕು, ಬಾಡಿಗೆ ಮನೆ ಖಾಲಿ ಮಾಡಿಸಿದ ಹಾಗೆ. ಸೋಮವಾರದ ಪಾಳಿಯೊಳಗೆ ಮುಗಿಯದಿದ್ದರೆ ಯಂತ್ರಗಳಿಗೆ ಬೇಕಾದ ಡ್ರಾಯಿಂಗುಗಳೆಲ್ಲ ಡಿಸ್ಕಿನ ಜೊತೆಗೇ ಮಣ್ಣುಪಾಲು.

ಒಳಗಿರುವವರು ಯಾರೆಂದು ಸರ್ವರನ್ನೇ ಕೇಳಿದ. ಒಂದೇ ಹೆಸರು ಬಂತು: ಬಸಲಿಂಗ.

ಈ ಸರ್ವರನ್ನು ಕೂಡಿಸಿದವನೇ ಬಸಲಿಂಗ. ಹೋದ ವರ್ಷ "ಚಾ ಕುಡದು ಬರ್ತೀನಿ" ಎಂದು ಎದ್ದು ಹೋದವನು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಅವನ ಲಾಗಿನ್ ಮುಚ್ಚಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದವರಿಗೆ ಮನಸ್ಸು ಬಂದಿರಲಿಲ್ಲ. ಅದಿರಲಿ. ಅವನ ಕೀಬೋರ್ಡ್ ಮುಟ್ಟಿ ಎಷ್ಟು ಹೊತ್ತಾಯಿತೆಂದು ತೋರಿಸುವ ಕಡೆ ಸೊನ್ನೆ ಇತ್ತು. ಅಂದರೆ ಈಗ ತಾನೇ. ನೋಡುತ್ತಿದ್ದಂತೆ ಒಂದು ನಿಮಿಷವಾಯಿತು, ಎರಡಾಯಿತು, ಮತ್ತೆ ಸೊನ್ನೆ.

ಕಂಪ್ಯೂಟರಿಗೆ ದೆವ್ವ ಮೆಟ್ಟಿಕೊಳ್ಳುವುದಿಲ್ಲ ಎಂದು ಹೊಸಬರಿಗೆಲ್ಲ ಉಪದೇಶ ಮಾಡುವ ಮಹಾಶಯ, ಹಾಡಹಗಲಲ್ಲೂ ದಾರಿಯುದ್ದಕ್ಕೂ ದೀಪ ಹಾಕಿಕೊಂಡೇ ಬಸಲಿಂಗ ಕೂರುತ್ತಿದ್ದ ಕೋಣೆಯತ್ತ ನಡೆದ.

ಕೋಣೆಗೆ ಬೀಗ ಹಾಕಿತ್ತು. ಈಗ ಅಲ್ಲಿ ಅವನ ಕಂಪ್ಯೂಟರಿನ ಪಕ್ಕ ಪೊರಕೆ, ಬಕೆಟ್ಟು ಇಡುತ್ತಿದ್ದರು. ಬೀಗದಕೈ ಅವನ ತಾಯಿ ಹೊಳೆವ್ವನ ಬಳಿ. ಮಗ ಹೋದ ಮೇಲೆ ಕಂಪನಿ ಆಕೆಗೆ ಗುಡಿಸುವ ಕೆಲಸ ಕೊಟ್ಟಿತ್ತು. ಯಂತ್ರ ನಿಂತಿರುವ ಭಾನುವಾರವೂ ಬರುತ್ತಿದ್ದಳು. ಅವಳು ಎದುರಿನಿಂದ ಬರುವುದು ಕಂಡು ಮುನಿರಾಜುವಿಗೆ ಹೋದ ಜೀವ ಬಂದಂತಾಯಿತು.

"ಅಮ್ಮಾ, ಒಳಗಿರೋ ಕಂಪ್ಯೂಟರ್ ನೀವು ಮುಟ್ತೀರಾ?"

ಹೊಳೆವ್ವ ತಪ್ಪು ಮಾಡಿದವಳಂತೆ ನಿಂತಳು. "ದಿನಾ ಒಂದೀಟು ಒತ್ತತೀನ್ರಿ ಸಾಹೇಬ್ರ. ಒತ್ತಲಿಲ್ಲಂದ್ರ ಕಪ್ಪಗಾಕ್ಕೈತಿ. ನನ್ನ ಮಗಾ ಹಚ್ಚಿಟ್ಟು ಹೋಗಿದ್ದು, ಆರಬಾರದಂತ..."

"ಅದೇ ಅಂದ್ಕೊಂಡೆ! ಈಗ್ಲೂ ನೀವೇ ಒತ್ತಿದ್ದಲ್ವಾ?"

"ಇಲ್ರಿ. ಇವತ್ತ ಈಗ ಬಂದೀನಿ. ಬಾಗಲಾ ಇನ್ನೂ ತಗದಿಲ್ಲಲ್ರಿ."

ಬಾಗಿಲು ತೆಗೆದಳು. ಕಪ್ಪಾಗಿರಬೇಕಿದ್ದ ಪರದೆ ಬೆಳಗುತ್ತಿತ್ತು. ಎದುರಿನ ಕುರ್ಚಿ ಖಾಲಿ.

"ಇಲಿ ಓಡಾಡಿರ್ಬೇಕು," ಎಂದು ಮುನಿರಾಜು ಬೇಕಾದ್ದಕ್ಕಿಂತ ಜೋರಾಗಿ ಹೇಳಿದ. ಹೊಳೆವ್ವ ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು.

"ಇದನ್ನ ಮುಚ್ಲೇಬೇಕು ಅಮ್ಮಾ. ಇಲ್ಲಾಂದ್ರೆ ಅವ್ನು ಕಟ್ಟಿದ್ದೆಲ್ಲಾ ಹೋಗ್ಬಿಡತ್ತೆ."

ಸರ್ವರ್ ಮುಂದೆ ಕೂತೇ ಬಸಲಿಂಗನನ್ನು ಹೊರಗೆ ಹಾಕಬಹುದಿತ್ತು. ಆಕೆಗೆ ಹೇಳದೆ ಹಾಗೆ ಮಾಡಲು ಅವನ ಮನಸ್ಸು ಒಪ್ಪಲಿಲ್ಲ.

"ಹಂಗಾದ್ರ ನಾನ ಮುಚ್ಚತೀನ್ರಿ," ಎಂದಳು ಹೊಳೆವ್ವ. ಅವನು ತೋರಿಸಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು. ಕೊನೆಯದನ್ನು ಒತ್ತುವಾಗ ಕಣ್ಣು ಮುಚ್ಚಿಕೊಂಡಳು. ಪರದೆ ಬರಿದಾಯಿತು. ಆಮೇಲೆ ಮೂಲೆಯಲ್ಲಿ 'ಲಾಗಿನ್' ಎಂಬ ಪದ ಮೂಡಿ, ಅದರ ಮುಂದೆ ಗೆರೆಯೊಂದು ಮಿಣುಕತೊಡಗಿತು.

"ಏನಂತೈತ್ರಿ?"

ಮುನಿರಾಜು ಆ ಪದವನ್ನು ಬೆರಳಿಟ್ಟು ತೋರಿಸಿದ. "ಯಾರು ಬಂದಿರೋದು ಅಂತ ಕೇಳ್ತಿದೆ."

ಹೊಳೆವ್ವ ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದಳು.

"ನಾನಪಾ," ಎಂದಳು, "ನಿಮ್ಮವ್ವ."

ಹಾಗೆಂದು, ಒಳಗಿನಿಂದ ಯಾರಾದರೂ ಓಗೊಡುವುದನ್ನು ಕಾಯುತ್ತ ನಿಂತೇ ಇದ್ದಳು.