ಕಾಶಪ್ಪ ತಂದ ಸೋಡಚೀಟಿ

ರಬಕವಿಯ ನೇಕಾರರ ಕೇರಿಯಲ್ಲಿ ಮೊದಲು ಏಸುವಿನ ಹೆಸರೆತ್ತಿದವಳು ಮಾದೇವಿ. ಊರೂರು ತಿರುಗುತ್ತ ಬಂದ ಉಪದೇಶಿಗೆ ಕೂಡ್ರಲು ಕಂಬಳಿ ಹಾಸಿದ್ದು ಅವಳೊಬ್ಬಳೇ. ಉಳಿದವರೆಲ್ಲ ಬಾಗಿಲ ಸಂದಿಯಿಂದ ಹಣಿಕಿ ನೋಡಿದ ಗಟ್ಟಿಗರು. ಎರಡು ವರ್ಷದಲ್ಲಿ ಅದೇ ಗಟ್ಟಿಗರು, ಹನ್ನೊಂದು ಮನೆಯವರು, ಐತವಾರ ಬಂತೆಂದರೆ ಅವಳ ಪಡಸಾಲೆಯಲ್ಲಿ ನೆರೆಯುತ್ತಿದ್ದರು. ಅಕ್ಷರ ಬಾರದ ಹೆಂಗಸರಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸಿದವಳೂ ಅವಳೇ. ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತ ಒಂದೊಂದೇ ಸಾಲು ಹೇಳುವಳು, ರಾಟಿ ನಿಲ್ಲಿಸದೆ ಅವರು ಅದನ್ನೇ ಅನ್ನಬೇಕು. ತಪ್ಪಿದರೆ ಬೈಗಳು. ದೇವರ ಮಾತಿನ ನಡುವೆ ಅಷ್ಟು ಬೈಗಳು ತಿಂದ ಸಭೆ ಇನ್ನೊಂದಿರಲಿಕ್ಕಿಲ್ಲ.

1912ರ ಮಾಗಿಯಲ್ಲಿ ಎಲ್ಲರಿಗೂ ದೀಕ್ಷಾಸ್ನಾನ ಕೊಡಲು ಪಾದ್ರಿ ಸಾಹೇಬರು ಟಾಂಗಾದಲ್ಲಿ ಬಂದಿಳಿದರು. ಸ್ನಾನದ ಹಿಂದಿನ ದಿನವೇ ಹೊಸ ಚಪ್ಪರದಲ್ಲಿ ಕೂತು ಒಂದೊಂದೇ ಜೋಡಿಯನ್ನು ಕರೆದು ಮದುವೆಯ ವಿಚಾರ ಕೇಳಿದರು. ಮಾದೇವಿ ಮತ್ತು ಅವಳ ಗಂಡ ಮಲಕಾಜಪ್ಪನ ಪಾಳಿ ಬಂತು.

"ನನಗ ಇದ ಮೊದಲನೇದ್ರಿ," ಎಂದ ಮಲಕಾಜಪ್ಪ. "ಆಕಿಗಿ ಉಡಿಕಿ ಆಗೇತ್ರಿ."

ಗಂಡ ಸತ್ತವಳಿಗೋ ಗಂಡ ಬಿಟ್ಟವಳಿಗೋ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಉಡಿಕಿ. ಉಪದೇಶಿ ಜಾಣ; ಸಾಹೇಬರಿಗೆ ಉಡಿಕಿಯೆಂದರೆ ಗಂಡ ಸತ್ತವಳ ಮರುಮದುವೆ ಎಂದಷ್ಟೇ ಹೇಳಿ ಸುಮ್ಮನಾದ. ಸಾಹೇಬರು ತಲೆಯಾಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲು ಕಾಶಪ್ಪ ಬಿಡಬೇಕಲ್ಲ! ಕೇರಿಯ ಹಿರಿಯ ಅವನು. ಉಡಿಕಿಯೆಂದರೆ ಸಾಹೇಬರು ನಮ್ಮ ಹುಡುಗಿಯನ್ನು ಹಗುರವಾಗಿ ಕಂಡಾರು ಎಂದು ಅವನಿಗೆ ಒಳಗೊಳಗೇ ಕಸಿವಿಸಿ. ಮನೆಗೆ ಓಡಿ, ಪೆಟ್ಟಿಗೆಯೊಳಗೆ ಜೋಪಾನವಾಗಿಟ್ಟಿದ್ದ ಬಿಡುಗಡೆಯ ಕಾಗದವೊಂದನ್ನು ತಂದು ಅವರ ಮುಂದೆ ಹರವಿದ.

"ನೋಡ್ರಿ ಸಾಹೇಬ್ರ, ಈಕಿ ಓಡಿ ಬಂದಾಕಿ ಅಲ್ಲ. ಗಲಗಲಿ ಊರಿನ ಮೊದಲಿನ ಗಂಡ ಐದು ಮಂದಿ ಪಂಚರ ಮುಂದ ಸೋಡಚೀಟಿ ಬರಸಿಕೊಟ್ಟ ಬಿಟ್ಟಾನ. ಪಂಚರಾಗ ನಾನೂ ಒಬ್ಬಾಂವ. ಇದ ಅವನ ಹೆಬ್ಬಟ್ಟು. ಬೇಕಾದ್ರ ಅವನ್ನ ಇಲ್ಲೇ ಕರಸ್ತೇನಿ, ಇನ್ನೂ ಗಟ್ಟಿಮುಟ್ಟಿ ಅದಾನ."

ಉಪದೇಶಿ ಕಣ್ಣು ಮುಚ್ಚಿಕೊಂಡ.

"ಮೊದಲ ಗಂಡನು ಬದುಕಿರುವಾಗ ಇದು ಮದುವೆಯಲ್ಲ," ಎಂದರು ಸಾಹೇಬರು. ಅವರದು ಪುಸ್ತಕದ ಕನ್ನಡ. "ಈಕೆಯನ್ನು ಬಿಟ್ಟರೆ ಈತನೂ ಮಗಳೂ ನಾಳೆ ದೀಕ್ಷಾಸ್ನಾನ ಹೊಂದಬಹುದು. ಈಕೆ ಬೇರೆಯಾಗಿರಲಿ. ಮುಂದೆ ನೋಡೋಣ."

"ಅಂವಾ ನನ್ನ ಬಡದು ಹೊರಗ ಹಾಕ್ಯಾನ್ರಿ. ನಾನಾಗಿ ಬಿಟ್ಟು ಬಂದಿಲ್ಲ. ಇವರ ಕೂಡ ಬಾಳೇ ಮಾಡಾಕತ್ತಿ ಹತ್ತು ವರ್ಷ ಆತ್ರಿ."

"ತಿಳಿಯುತ್ತದೆ, ತಾಯಿ. ನಿಯಮ ನಾನು ಮಾಡಿದ್ದಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾದೇವಿ ಜಗಳವಾದರೂ ಆಡುತ್ತಿದ್ದಳು.

"ಹಂಗಾದ್ರ ನನಗೂ ಬ್ಯಾಡ," ಎಂದು ಮಲಕಾಜಪ್ಪ ಎದ್ದು ನಡೆದ. ಅವನಿಲ್ಲದೆ ತಾವೂ ಬರುವುದಿಲ್ಲವೆಂದು ಅವನ ಅಣ್ಣತಮ್ಮಂದಿರು ಪಟ್ಟು ಹಿಡಿದರು. ಸಂಜೆಯ ಹೊತ್ತಿಗೆ ಹನ್ನೊಂದೂ ಮನೆ ಹಿಂದೆ ಸರಿದವು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅವಳ ಅಂಗಳಕ್ಕೆ ಬಂದು ಅತ್ತರು. ಜಾತಿಯವರು ಆಗಲೇ ಹೊರಗೆ ಹಾಕಿದ್ದಾರೆ, ಬಾವಿಗೆ ಕೊಡ ಇಳಿಸಲು ಬಿಡುತ್ತಿಲ್ಲ. ಇಲ್ಲೂ ಒಳಗೆ ಹೋಗದಿದ್ದರೆ ತಮ್ಮ ಮಕ್ಕಳನ್ನು ಯಾರು ಮದುವೆಯಾಗುತ್ತಾರೆ? ಕಟ್ಟೆಯ ಮೇಲೆ ಕಾಶಪ್ಪ ಮುಂಡಾಸು ಬಿಚ್ಚಿ ಕೂತುಬಿಟ್ಟಿದ್ದ. "ಛಲೋ ಆಗಲಿ ಅಂತ ತಂದ್ನ್ಯವ್ವಾ," ಎನ್ನುತ್ತಿದ್ದ. ಬೈಗಳಲ್ಲಿ ಹೆಸರುವಾಸಿಯಾದವಳಿಗೆ ಅವನನ್ನು ಬೈಯಲೂ ಆಗಲಿಲ್ಲ.

ಬೆಳಿಗ್ಗೆ ಅವಳು ಗಂಡನಿಗೆ ಮಡಿ ಧೋತರ ಕೊಟ್ಟಳು. "ನೀ ಹೋಗು. ಕೂಸು ತಾರವ್ವನ್ನೂ ಕರಕೊಂಡು ಹೋಗು. ನಾ ಚಿಮ್ಮಡಕ್ಕ ಅಣ್ಣನ ಮನಿಗಿ ಹೋಗತೇನಿ."

"ಹೆಂಡ್ತಿ ಎಲ್ಲಿ ಅಂತ ಕೇಳಿದ್ರ?"

"ಇಲ್ರಿ ಅನ್ನು."

ಅವಳು ಬಿಡಲಿಲ್ಲ, ಮೂರು ಸಲ ಅನ್ನಿಸಿದಳು.

ಹೊರಡುವ ಮುನ್ನ ಅವಳು ಚಪ್ಪರದ ತಟ್ಟಿಯ ಹೊರಗೆ ಬಟ್ಟೆಯ ಗಂಟು ಹಿಡಿದು ನಿಂತಳು. ಒಳಗೆ ಸಾಹೇಬರು ಒಬ್ಬೊಬ್ಬರಿಂದಲೂ ಪ್ರಾರ್ಥನೆ ಹೇಳಿಸಿ, ಯಾರು ಕಲಿಸಿದರೆಂದು ಕೇಳುತ್ತಿದ್ದರು. "ಮಾದೇವಿರಿ." "ಮಾದೇವಿ ಕಲಿಸ್ಯಾಳ್ರಿ." ಯಾರೊಬ್ಬರೂ ಒಂದು ಮಾತು ತಪ್ಪಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಕೊನೆಗೆ ಮಲಕಾಜಪ್ಪನ ಸರದಿ.

"ನಿನಗೆ ಹೆಂಡತಿ ಇದ್ದಾಳೆಯೇ?"

ಆರು ವರ್ಷದ ತಾರವ್ವನಿಗೆ ಅಪ್ಪ ಉತ್ತರ ಮರೆತನೆನ್ನಿಸಿರಬೇಕು. "ನಮ್ಮವ್ವ ಹೊರಗ ನಿಂತಾಳ್ರಿ!" ಎಂದು ಕೂಗಿದಳು.

"ಇಲ್ರಿ," ಎಂದ ಮಲಕಾಜಪ್ಪ.

ದೇವರ ಮುಂದೆ ಗಂಡನ ಮಾತು ಸುಳ್ಳಾಗಬಾರದೆಂದು ಮಾದೇವಿ ಚಿಮ್ಮಡದ ದಾರಿ ಹಿಡಿದಳು.